ಜಿಲೇಬಿ ಮೀನಿನ ನೆಂಟರು

ಹೋದ ಯುಗಾದಿಗೆ ಅಪ್ಪ ಮಂಡ್ಯದ ಕಡೆಯ ನಮ್ಮೂರಿಂದ ಬಂದಿದ್ದರು. ಬ್ಯಾಗು ಇಳಿಸಿ, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಸೀದಾ ಮೀನಿನ ಟ್ಯಾಂಕಿನ ಮುಂದೆ ಹೋಗಿ ನಿಂತರು. ನಾಲ್ಕಡಿ ಟ್ಯಾಂಕು. ಒಳಗೆ ಕಲ್ಲಿನ ಗುಡ್ಡೆ, ಅದರ ಸಂದಿಯಲ್ಲಿ ಹಳದಿ, ನೀಲಿ, ಕಂದು ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡಾಡುತ್ತಿದ್ದವು. ನಾನು ಹೊಗಳಿಕೆಗೆ ಕಾಯುತ್ತಾ ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಎರಡು ನಿಮಿಷ ನೋಡಿ, "ಇವು ಜಿಲೇಬಿ ಮೀನಲ್ವೇನ್ಲಾ? ಬಣ್ಣ ಬಳ್ದವ್ರೆ ಅಷ್ಟೇಯ" ಅಂದರು. ಅಡುಗೆಮನೆಯಿಂದ ಹೆಂಡತಿ ನಕ್ಕಿದ್ದು ಹಾಲ್‌ವರೆಗೂ ಕೇಳಿಸಿತು.

ಒಂಬತ್ತು ವರ್ಷದಿಂದ ಈ ಮೀನುಗಳ ಹಿಂದೆ ಬಿದ್ದಿದ್ದೇನೆ. ದುಡ್ಡು ಸುರಿದಿದ್ದೇನೆ, ಬೈಸಿಕೊಂಡಿದ್ದೇನೆ. ಅಪ್ಪ ಎರಡೇ ನಿಮಿಷಕ್ಕೆ ಕುಲ ಹೇಳಿಬಿಟ್ಟರು. ಬೇಜಾರಾಗಿದ್ದು ಅವರು ತಮಾಷೆ ಮಾಡಿದ್ದಕ್ಕಲ್ಲ, ಹೇಳಿದ್ದು ಸರಿಯಾಗಿತ್ತಲ್ಲ ಅದಕ್ಕೆ.

ನಮ್ಮ ಕಡೆ ಜಿಲೇಬಿ ಅನ್ನುವುದು ತಿಲಾಪಿಯಾ ಮೀನಿಗೆ. ಆಫ್ರಿಕಾದ ಮೀನು ಅದು, 1952ರಲ್ಲಿ ಇಂಡಿಯಾಕ್ಕೆ ತಂದರು, ಈಗ ಅದು ಇಲ್ಲದ ಕೆರೆ ಹುಡುಕಬೇಕು. ನನ್ನ ಟ್ಯಾಂಕಿನ ಮೀನುಗಳೂ ಆಫ್ರಿಕಾದವೇ, ಅದೇ ಮನೆತನದವೇ. ಆ ಮನೆತನದ ಹೆಸರು ಸಿಕ್ಲಿಡ್. ಅಂಗಡಿಗಳಲ್ಲಿ ಚಿಕ್ಲಿಡ್, ಸಿಚ್ಲಿಡ್ ಅಂತೆಲ್ಲ ಅನ್ನುತ್ತಾರೆ, ಒಬ್ಬ ಹುಡುಗ ಚಿಕ್ಲೆಟ್ ಅಂದಿದ್ದ, ಚೂಯಿಂಗ್ ಗಮ್ ಥರ. ಹೆಸರಿಟ್ಟ ಜಾತಿಗಳೇ 1,700ಕ್ಕಿಂತ ಜಾಸ್ತಿ ಇವೆ. ಮದುವೆ ಛತ್ರದ ಟ್ಯಾಂಕಿನಲ್ಲಿ ಕಾಣುವ ಏಂಜಲ್ ಫಿಶ್ ಸಿಕ್ಲಿಡ್. ಸಾವಿರಾರು ರೂಪಾಯಿಯ ಡಿಸ್ಕಸ್ ಸಿಕ್ಲಿಡ್. ತಲೆ ಮೇಲೆ ಬೋಂಡ ಇಟ್ಟುಕೊಂಡ ಹಾಗೆ ಇರುವ ಫ್ಲವರ್ ಹಾರ್ನ್ ಕೂಡ ಸಿಕ್ಲಿಡ್, ಆದರೆ ಅದು ಯಾವ ನದಿಯಲ್ಲೂ ತಾನಾಗಿ ಹುಟ್ಟಿದ್ದಲ್ಲ, 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಜಾತಿ ಬೆರೆಸಿ ಮಾಡಿದ್ದು. ಮೈಮೇಲಿನ ಕಪ್ಪು ಗುರುತುಗಳನ್ನು ಚೀನೀ ಅಕ್ಷರ ಅಂತ ಓದಿ ಅದೃಷ್ಟ ನೋಡುವವರಿದ್ದಾರೆ. ನಮ್ಮಲ್ಲಿ ಅದನ್ನೇ ವಾಸ್ತು ಮೀನು ಅಂತ ಮಾರುತ್ತಾರೆ. ಮನೆಗೆ ಲಕ್ಷ್ಮಿ ಬರುತ್ತಾಳೋ ಇಲ್ಲವೋ, ಅಂಗಡಿಯವರ ಮನೆಗಂತೂ ಬಂದಿದ್ದಾಳೆ.

ಹೊಸದಾಗಿ ಟ್ಯಾಂಕ್ ಇಡುವವರು ಯಾವ ಮೀನು ತರಲಿ ಅಂತ ನನ್ನನ್ನು ಕೇಳುತ್ತಿರುತ್ತಾರೆ. ನಾನು ವಾಪಸ್ ಕೇಳುವುದು ಒಂದೇ: ನಿಮ್ಮ ಮನೆಗೆ ಯಾವ ನೀರು ಬರುತ್ತೆ? ಸಿಹಿ ನೀರಾ, ಉಪ್ಪು ನೀರಾ? ಕೆಲವರಿಗೆ ಸಿಟ್ಟು ಬರುತ್ತೆ, ಮೀನು ಕೇಳಿದರೆ ನೀರಿನ ಕಥೆ ಹೇಳುತ್ತಾನಲ್ಲ ಅಂತ. ಆದರೆ ಇದನ್ನು ಕಲಿಯಲು ನಾನು ಎಷ್ಟು ಮೀನು ಸಾಯಿಸಿದ್ದೇನೆ ಅಂತ ಅವರಿಗೆ ಗೊತ್ತಿಲ್ಲ.

ಮೊದಲು ನಾವು ಜಯನಗರದಲ್ಲಿ ಬಾಡಿಗೆಗೆ ಇದ್ದೆವು. ನಲ್ಲಿಯಲ್ಲಿ ಕಾವೇರಿ ನೀರು. ಅಲ್ಲಿ ನಾನು ಸಾಕಿದ್ದು ರಾಮ್ ಸಿಕ್ಲಿಡ್. ನಮ್ಮ ಹೆಬ್ಬೆರಳಿನಷ್ಟು ಮೀನು, ಮೈತುಂಬಾ ನೀಲಿ ಚುಕ್ಕೆ, ಕಣ್ಣಿನ ಮೇಲೆ ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಪಟ್ಟೆ. ದಕ್ಷಿಣ ಅಮೆರಿಕದ ವೆನೆಜುವೆಲಾ, ಕೊಲಂಬಿಯಾ ಕಡೆ, ಒರಿನೋಕೊ ನದಿಯ ಬಯಲಿನದ್ದು. ಬೆಚ್ಚಗಿನ, ಮೆದು ನೀರು ಬೇಕು ಅದಕ್ಕೆ, 27ರಿಂದ 30 ಡಿಗ್ರಿ. ಒಂದು ಜೋಡಿ ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆ ಇಟ್ಟು, ಗಂಡು ಹೆಣ್ಣು ಎರಡೂ ಸರದಿ ಮೇಲೆ ರೆಕ್ಕೆ ಬೀಸಿ ಕಾಯುತ್ತಿದ್ದವು. ನಾನೇನೋ ದೊಡ್ಡ ಮೀನು ತಜ್ಞ ಅಂತ ಅಂದುಕೊಂಡಿದ್ದೆ. ಅದು ನನ್ನ ಕೈಗುಣ ಅಲ್ಲ, ಕಾವೇರಿಯ ಗುಣ ಅಂತ ಗೊತ್ತಾಗಲು ಮನೆ ಬದಲಾಯಿಸಬೇಕಾಯಿತು.

ಬೇಗೂರಿನ ಕಡೆ ಫ್ಲ್ಯಾಟ್ ತೊಗೊಂಡೆವು. ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಸ್ಟೀಲ್ ಬಕೆಟ್ ಮೇಲೆ ಬಿಳಿ ಕಲೆ, ಗೀಸರ್ ಕಾಯಿಲ್ ಮೇಲೆ ಸುಣ್ಣದ ಪದರ, ಬೇಳೆ ಎಷ್ಟು ಸೀಟಿ ಹೊಡೆಸಿದರೂ ಕಲ್ಲು. ಇದನ್ನೇ ನಾವು ಬೆಂಗಳೂರಿನವರು ಉಪ್ಪು ನೀರು ಅನ್ನೋದು. ಸಮುದ್ರದ ಉಪ್ಪಲ್ಲ, ಕಲ್ಲಿನಿಂದ ಕರಗಿ ಬಂದ ಕ್ಯಾಲ್ಸಿಯಂ, ಮೆಗ್ನೀಷಿಯಂ. ಇವು ಜಾಸ್ತಿ ಇದ್ದರೆ ಗಡಸು ನೀರು, ಕಮ್ಮಿ ಇದ್ದರೆ ಮೆದು ನೀರು. ರಾಮ್‌ಗಳನ್ನು ತಂದು ಬಿಟ್ಟೆ. ಮೊದಲು ಬಣ್ಣ ಹೋಯಿತು. ಆಮೇಲೆ ಒಂದು ಮೂಲೆಗೆ ಸೇರಿ ಉಸಿರಾಡೋಕೆ ಕಷ್ಟಪಡುತ್ತಿದ್ದವು. ಹತ್ತು ದಿನದಲ್ಲಿ ಆರೂ ಹೋದವು. ಔಷಧಿ ಹಾಕಿದೆ, ಹೀಟರ್ ಬದಲಾಯಿಸಿದೆ, ಅಂಗಡಿಯವರನ್ನು ಬೈದೆ. ಇನ್ನೂ ನಾಲ್ಕು ತಂದೆ. ಅವೂ ಹೋದವು. ಆಗ ಒಬ್ಬ ಗೆಳೆಯ ಬಂದು ಒಂದು ಲೋಟದಲ್ಲಿ ನಮ್ಮ ನಲ್ಲಿ ನೀರು ಹಿಡಿದು ಟೆಸ್ಟ್ ಕಿಟ್‌ನ ಹನಿ ಹಾಕಿದ. ನೀರು ಹುಳಿಯಾ ಕ್ಷಾರವಾ ಅಂತ ಹೇಳುವ ಪಿಎಚ್ 8.2, ಅಂದರೆ ಕ್ಷಾರ. ಗಡಸುತನ ನೋಡೋ ಬಾಟಲಿಯಿಂದ ಹನಿ ಹಾಕುತ್ತಲೇ ಇದ್ದಾನೆ, ಬಣ್ಣ ತಿರುಗುತ್ತಲೇ ಇಲ್ಲ. "ಇದು ಮಲಾವಿ ನೀರು ಕಣೋ" ಅಂದ.

ಮಲಾವಿ ಅಂದರೆ ಆಫ್ರಿಕಾದ ಮಲಾವಿ ಸರೋವರ. ಮಲಾವಿ, ಮೊಜಾಂಬಿಕ್, ತಾಂಜಾನಿಯಾ ಮೂರು ದೇಶದ ಮಧ್ಯೆ ಐನೂರು ಚಿಲ್ಲರೆ ಕಿಲೋಮೀಟರ್ ಉದ್ದಕ್ಕೆ ಮಲಗಿದೆ. ಅದೊಂದರಲ್ಲೇ ನೂರಾರು ಬಗೆಯ ಸಿಕ್ಲಿಡ್ ಇವೆ, ಅವುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಪ್ರಪಂಚದ ಬೇರೆ ಎಲ್ಲೂ ಸಿಗಲ್ಲ. ದಡದ ಬಂಡೆಗಳ ಸಂದಿಯಲ್ಲಿ ಇರುವ ಗುಂಪಿಗೆ ಅಲ್ಲಿಯ ತೋಂಗಾ ಭಾಷೆಯಲ್ಲಿ ಎಂಬುನಾ ಅಂತಾರೆ, ಕಲ್ಲುಮೀನು ಅಂತ ಅರ್ಥ. ಆ ನೀರಿನ ಪಿಎಚ್ 7.7ರಿಂದ 8.6ರವರೆಗೆ ಇರುತ್ತೆ. ಅಂದರೆ ನಾನು ಶಾಪ ಹಾಕುತ್ತಿದ್ದ ಬೋರ್‌ವೆಲ್ ನೀರು ಈ ಮೀನುಗಳಿಗೆ ತವರುಮನೆ ನೀರು. ವಿದೇಶದಲ್ಲಿ ಮೆದು ನೀರು ಬರುವ ಊರಿನವರು ಡಬ್ಬಿ ಡಬ್ಬಿ ಪುಡಿ ಕೊಂಡು ನೀರಿಗೆ ಸುರಿದು ಗಡಸು ಮಾಡಿಕೊಳ್ಳುತ್ತಾರಂತೆ. ನಮಗೆ ಸಂಪ್‌ನಿಂದ ಪುಕ್ಕಟೆ ಬರುತ್ತೆ.

ಹಾಗಾಗಿ ಬೇಳೆ ಬೇಯದ ಮನೆಯವರಿಗೆ ನಾನು ಆಫ್ರಿಕಾ ಕಡೆ ಕೈ ತೋರಿಸುತ್ತೇನೆ. ಕಾವೇರಿ ನೀರಿನವರಿಗೆ ಏಂಜಲ್, ರಾಮ್ ಥರದ್ದು. ಆರ್‌ಒ ನೀರು ಬೆರೆಸಿ ಉಪ್ಪು ನೀರನ್ನು ಮೆದು ಮಾಡಬಹುದು, ಮಾಡುವವರೂ ಇದ್ದಾರೆ, ಆದರೆ ವಾರ ವಾರ ಎಂಬತ್ತು ಲೀಟರ್ ನೀರು ಬದಲಾಯಿಸುವಾಗ ಆ ಲೆಕ್ಕ ಎಷ್ಟು ದಿನ ಮಾಡುತ್ತೀರಿ? ಒಂದು ವಾರ ಸೋಮಾರಿತನ ಮಾಡಿದರೆ ಸಾಕು, ಪಿಎಚ್ ಮೇಲೆ ಕೆಳಗೆ ಕುಣಿಯಲು ಶುರು. ಮೀನಿಗೆ ತಪ್ಪು ಅಂಕಿಗಿಂತ ಕುಣಿಯುವ ಅಂಕಿ ಕೆಟ್ಟದ್ದು. ಇನ್ನೊಂದು ವಿಷಯ, ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ನೀರಿನಲ್ಲಿ ಕರಗಿದ್ದು ಒಟ್ಟು ಎಷ್ಟು ಅಂತ ಹೇಳುತ್ತೆ ಅಷ್ಟೆ, ಗಡಸುತನ ಎಷ್ಟು ಅಂತ ಹೇಳಲ್ಲ.

ನೀರು ಆಯಿತಲ್ಲ, ಎರಡನೇದು ಸೈಜು. ಇಲ್ಲೂ ನನ್ನದು ಸೋತ ಕಥೆಯೇ. ನನ್ನ ಮೊಟ್ಟಮೊದಲ ಮೀನು ಆಸ್ಕರ್. ಅಂಗಡಿಯಲ್ಲಿ ಎರಡು ಇಂಚಿನ ಮರಿ, ಕಪ್ಪು ಮೈಮೇಲೆ ಕೆಂಡದ ಬಣ್ಣದ ಗೀರು. ಎರಡಡಿ ಟ್ಯಾಂಕಿಗೆ ಸಾಕಾಗುತ್ತಾ ಅಂತ ಕೇಳಿದೆ. "ಟ್ಯಾಂಕ್ ಸೈಜಿಗೆ ತಕ್ಕ ಹಾಗೆ ಬೆಳೆಯುತ್ತೆ ಸಾರ್" ಅಂದ ಅಂಗಡಿಯವ. ಮೀನಿನ ವ್ಯಾಪಾರದಲ್ಲಿ ಇದಕ್ಕಿಂತ ಹಳೇ ಸುಳ್ಳು ಇಲ್ಲ. ಆಸ್ಕರ್ ಒಂದು ಅಡಿ ಬೆಳೆಯುತ್ತೆ, ಹತ್ತು ವರ್ಷಕ್ಕೂ ಮೇಲೆ ಬದುಕುತ್ತೆ. ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಒಂದು ಇಂಚು ಅನ್ನೋ ಲೆಕ್ಕ. ಎಂಟು ತಿಂಗಳಿಗೆ ನಮ್ಮದು ತಿರುಗಬೇಕಾದರೆ ಮೂಗು ಒಂದು ಗಾಜಿಗೆ, ಬಾಲ ಇನ್ನೊಂದು ಗಾಜಿಗೆ ತಾಗುತ್ತಿತ್ತು. ನಾನು ಆಫೀಸಿಂದ ಬಂದ ಕೂಡಲೇ ಗಾಜಿನ ಹತ್ತಿರ ಬಂದು ಬಾಲ ಆಡಿಸುತ್ತಿತ್ತು, ನಾಯಿ ಥರ. ಊಟ ಲೇಟಾದರೆ ಮುನಿಸಿಕೊಂಡು ಪಕ್ಕಕ್ಕೆ ಮಲಗಿಬಿಡುತ್ತಿತ್ತು, ಸತ್ತೇ ಹೋಯಿತು ಅಂತ ಎರಡು ಸಲ ಗಾಬರಿಯಾಗಿದ್ದೇನೆ. ಕೊನೆಗೆ ಪರಿಚಯದವರೊಬ್ಬರ ಮನೆಯ ಆರಡಿ ಟ್ಯಾಂಕಿಗೆ ಕೊಟ್ಟೆ. ಬಕೆಟ್‌ನಲ್ಲಿ ಹಾಕಿ ಆಟೋದಲ್ಲಿ ಒಯ್ಯುವಾಗ ಮುಚ್ಚಳ ಒತ್ತಿ ಹಿಡಿದುಕೊಂಡಿದ್ದ ಕೈ ಆ ದಿನವೆಲ್ಲ ನೋಯುತ್ತಿತ್ತು.

ಲೆಕ್ಕ ಸುಲಭ. ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ 28ರಿಂದ ಗುಣಿಸಿದರೆ ಲೀಟರ್ ಬರುತ್ತೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಬರೀ 56 ಲೀಟರ್. ನಾಲ್ಕು, ಒಂದೂವರೆ, ಒಂದೂವರೆ ಅಂದರೆ 250 ಲೀಟರ್ ಹತ್ತಿರ. ಎಂಬುನಾಗೆ ನಾನು ನಾಲ್ಕಡಿಗಿಂತ ಕಮ್ಮಿ ಹೇಳಲ್ಲ. ಹಾಗೇ ಆ ನೀರೇ 250 ಕೆಜಿ, ಮೇಲೆ ಗಾಜು, ಕಲ್ಲು, ಮರಳು. ಟಿವಿ ಸ್ಟ್ಯಾಂಡ್ ಮೇಲೆ ಇಡ್ತೀನಿ ಅನ್ನುವವರು ಇದ್ದಾರೆ, ದಯವಿಟ್ಟು ಬೇಡ.

ಮೂರನೇದು ಸ್ವಭಾವ. ಬೋರ್‌ವೆಲ್ ಜ್ಞಾನೋದಯ ಆದಮೇಲೆ ನಾನು ಖುಷಿಯಲ್ಲಿ ಹೋಗಿ ತಂದಿದ್ದು "ಮಿಕ್ಸ್ ಆಫ್ರಿಕನ್" ಅನ್ನೋ ಹನ್ನೆರಡು ಮರಿಗಳ ಕವರು. ಎಲ್ಲವೂ ಒಂದೂವರೆ ಇಂಚು, ಎಲ್ಲವೂ ಮುದ್ದು. ಯಾವುದು ಯಾವ ಜಾತಿ ಅಂತ ಕೊಟ್ಟವನಿಗೂ ಗೊತ್ತಿಲ್ಲ, ತೊಗೊಂಡವನಿಗೂ ಗೊತ್ತಿಲ್ಲ. ಅದರಲ್ಲಿ ಮೂರು, ಆಕಾಶನೀಲಿ ಮೈಮೇಲೆ ಕಪ್ಪು ಪಟ್ಟೆ ಇದ್ದವು. ನಾಲ್ಕು ತಿಂಗಳಾದ ಮೇಲೆ ಒಂದು ಮೆಲ್ಲಗೆ ಹಳದಿಯಾಗತೊಡಗಿತು. ಕಾಯಿಲೆ ಇರಬೇಕು ಅಂತ ಕಲ್ಲುಪ್ಪು ಹಾಕಿದೆ. ಕಾಯಿಲೆ ಅಲ್ಲ, ಗಂಡು! ಕೆನ್ಯಿ ಅಂತ ಆ ಜಾತಿ. ಹೆಣ್ಣು ನೀಲಿ, ಗಂಡು ದೊಡ್ಡದಾಗುತ್ತಾ ಹಳದಿ. ಎಂಬುನಾಗಳಲ್ಲಿ ರೌಡಿ ಲಿಸ್ಟ್ ಮಾಡಿದರೆ ಮೇಲಿನ ಸಾಲಿನಲ್ಲೇ ಬರುತ್ತೆ. ಅರ್ಧ ಟ್ಯಾಂಕು ಅದರದ್ದು. ಉಳಿದ ಹನ್ನೊಂದು ಮೀನು ಹೀಟರ್ ಹಿಂದೆ, ಫಿಲ್ಟರ್ ಪೈಪಿನ ಹಿಂದೆ ನಿಂತುಕೊಂಡು ಜೀವನ ಮಾಡುತ್ತಿದ್ದವು. ಒಂದು ಭಾನುವಾರ ಬೆಳಿಗ್ಗೆ ಲೈಟ್ ಹಾಕಿದರೆ ಮೂರು ಸತ್ತು ತೇಲುತ್ತಿವೆ, ಬಾಲದ ರೆಕ್ಕೆ ಪೂರ್ತಿ ಇಲ್ಲ, ಬುಡದ ತನಕ ಕಿತ್ತು ಹಾಕಿದೆ.

ಈ ಜಗಳ ಸುಮ್ನೆ ಆಗೋದಲ್ಲ. ಸಿಕ್ಲಿಡ್‌ಗೆ ಜಾಗ ಬೇಕು, ಆ ಜಾಗಕ್ಕೆ ಗಡಿ ಬೇಕು, ಗಡಿಯೊಳಗೆ ಬಂದವನಿಗೆ ಏಟು ಬೇಕು. ಪಕ್ಕದ ಸೈಟಿನವನು ಅರ್ಧ ಅಡಿ ಒತ್ತುವರಿ ಮಾಡಿದ ಅಂತ ಕೋರ್ಟಿಗೆ ಹೋಗುತ್ತೀವಲ್ಲ, ಹಾಗೇ. ಅದಕ್ಕೆ ಎಂಬುನಾ ಸಾಕುವವರು ಬೇರೆ ಮೀನಿನವರು ಮಾಡದ ಒಂದು ಕೆಲಸ ಮಾಡುತ್ತಾರೆ, ಬೇಕಂತಲೇ ಟ್ಯಾಂಕನ್ನು ಸ್ವಲ್ಪ ತುಂಬಿಸುತ್ತಾರೆ. ನಾಲ್ಕೈದು ಮೀನು ಇದ್ದರೆ ಬಲವಾದದ್ದು ಒಂದನ್ನೇ ಹಿಡಿದು ಸಾಯಿಸುತ್ತೆ. ಇಪ್ಪತ್ತು ಇದ್ದರೆ ಯಾರನ್ನು ಅಟ್ಟಿಸಲಿ ಅಂತ ಅದಕ್ಕೇ ಗೊಂದಲ, ಏಟು ಎಲ್ಲರಿಗೂ ಹಂಚಿಹೋಗುತ್ತೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು, ಇಲ್ಲದಿದ್ದರೆ ಒಂದೇ ಹೆಣ್ಣಿನ ಪ್ರಾಣ ಹಿಂಡುತ್ತೆ. ತೀರಾ ಜಗಳ ಜಾಸ್ತಿಯಾದರೆ ಕಲ್ಲು ಪೂರ್ತಿ ತೆಗೆದು ಬೇರೆ ಥರ ಜೋಡಿಸಿ. ಗಡಿ ಅಳಿಸಿಹೋಗಿ ಎಲ್ಲರೂ ಮೊದಲಿನಿಂದ ಶುರು ಮಾಡಬೇಕಾಗುತ್ತೆ. ಒಂದು ವಾರ ಶಾಂತಿ ಗ್ಯಾರಂಟಿ. ಆದರೆ ಜಾಸ್ತಿ ಮೀನು ಅಂದರೆ ಜಾಸ್ತಿ ಹೊಲಸು, ಅದಕ್ಕೆ ತಕ್ಕ ಫಿಲ್ಟರ್ ಇಲ್ಲದೆ ಇದನ್ನು ಮಾಡಲು ಹೋಗಬೇಡಿ.

ಕೆನ್ಯಿಯನ್ನು ಸಾಗಹಾಕಿದ ಮೇಲೆ ನಾನು ಮೂರೇ ಜಾತಿ ಇಟ್ಟುಕೊಂಡಿದ್ದೇನೆ. ಎಂಟು ಯೆಲ್ಲೋ ಲ್ಯಾಬ್, ಆರು ರಸ್ಟಿ, ಆರು ಅಸೇಯಿ. ಯೆಲ್ಲೋ ಲ್ಯಾಬ್ ಅರಿಶಿನದ ಬಣ್ಣ, ಬೆನ್ನಿನ ರೆಕ್ಕೆಯ ಅಂಚಿಗೆ ಕಪ್ಪು ಗೆರೆ, ಎಂಬುನಾಗಳಲ್ಲಿ ಸಾಧು. ರಸ್ಟಿ ಹೆಸರಿಗೆ ತಕ್ಕ ಹಾಗೆ ತುಕ್ಕಿನ ಬಣ್ಣ, ಬೆಳಕು ಬಿದ್ದಾಗ ನೇರಳೆ. ಅಸೇಯಿ ನೀಲಿ ಮೈ, ಹಳದಿ ಬಾಲ, ಗುಂಪಾಗಿ ಓಡಾಡುತ್ತೆ. ಮೂರೂ ಒಂದಕ್ಕೊಂದು ಹೋಲುವುದಿಲ್ಲ, ಅದೂ ಮುಖ್ಯ. ಒಂದೇ ಥರ ಕಾಣುವ ಜಾತಿಗಳನ್ನು ಒಟ್ಟಿಗೆ ಇಟ್ಟರೆ ಜಗಳವೂ ಜಾಸ್ತಿ, ಬೆರಕೆ ಮರಿಗಳೂ ಜಾಸ್ತಿ. ಅಂಗಡಿಯಲ್ಲಿ ಕಿತ್ತಳೆ ಛಾಯೆಯ ಯೆಲ್ಲೋ ಲ್ಯಾಬ್ ಕಂಡರೆ ಅನುಮಾನ ಪಡಿ, ರೆಡ್ ಜೀಬ್ರಾ ಅನ್ನೋ ಇನ್ನೊಂದು ಎಂಬುನಾ ಜೊತೆ ಬೆರಕೆಯಾಗಿರುವ ಸಾಧ್ಯತೆ ಇದೆ.

ಕಲ್ಲು ನಾನು ದುಡ್ಡು ಕೊಟ್ಟು ತಂದಿದ್ದಲ್ಲ. ನಮ್ಮ ರಸ್ತೆಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕೇಳಿ ಒಡೆದ ಸೈಜ್ ಕಲ್ಲುಗಳನ್ನು ತಂದು, ಉಜ್ಜಿ ತೊಳೆದು, ಕುದಿಯುವ ನೀರು ಸುರಿದು ಇಟ್ಟೆ. ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಇಟ್ಟು, ಆಮೇಲೆ ಸುತ್ತ ಮರಳು ಹಾಕಬೇಕು. ಉಲ್ಟಾ ಮಾಡಿದರೆ ಈ ಮೀನುಗಳು ಅಡಿಯ ಮರಳನ್ನು ಬಾಯಲ್ಲಿ ಹೊತ್ತು ಹೊತ್ತು ತೆಗೆದು ಕಲ್ಲು ಉರುಳಿಸುತ್ತವೆ, ಗಾಜು ಬಿರುಕು ಬಿಡುತ್ತೆ. ಕಲ್ಲಿನಲ್ಲಿ ಸುಣ್ಣ ಇದೆಯಾ ಅಂತ ನೋಡಲು ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ನೊರೆ ಬಂದರೆ ಸುಣ್ಣ ಇದೆ. ಮಲಾವಿ ಮೀನಿಗೆ ಒಳ್ಳೆಯದು, ರಾಮ್ ಟ್ಯಾಂಕಿಗೆ ಬೇಡ.

ಫಿಲ್ಟರ್ ಬಗ್ಗೆ ಒಂದೇ ಮಾತು. ಟ್ಯಾಂಕ್ ತುಂಬಿಸಿದ ದಿನವೇ ಮೀನು ಬಿಡಬೇಡಿ. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತೆ, ಅದನ್ನು ತಿಂದು ನೈಟ್ರೈಟ್ ಮಾಡುವ, ನೈಟ್ರೈಟ್ ತಿಂದು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೊಸರಿಗೆ ಹೆಪ್ಪು ಹಾಕುವ ಹಾಗೆ, ಹಳೇ ಟ್ಯಾಂಕಿನ ಕೊಳೆ ಸ್ಪಂಜು ಒಂದು ತುಂಡು ಸಿಕ್ಕರೆ ಬೇಗ ಆಗುತ್ತೆ. ಉಪ್ಪು ನೀರಿನವರು ಇಲ್ಲಿ ಇನ್ನೂ ಹುಷಾರಾಗಿರಬೇಕು, ಯಾಕಂದರೆ ಪಿಎಚ್ ಎಂಟರ ಮೇಲೆ ಇದ್ದಾಗ ಅದೇ ಅಮೋನಿಯಾದಲ್ಲಿ ವಿಷದ ಪಾಲು ಜಾಸ್ತಿ. ಆಮೇಲೆ ಆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಫಳಫಳ ತೊಳೆಯಬೇಡಿ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಎರಡು ಸಲ ಹಿಂಡಿದರೆ ಸಾಕು. ನಮ್ಮತ್ತೆ ಒಮ್ಮೆ ನಾನು ಊರಿಗೆ ಹೋದಾಗ, ಪಾಪ, ಸಹಾಯ ಆಗಲಿ ಅಂತ ಸ್ಪಂಜನ್ನು ವಿಮ್ ಸೋಪು ಹಾಕಿ ತಿಕ್ಕಿಟ್ಟಿದ್ದರು. ಆ ವಾರದ ಕಥೆ ಇಲ್ಲಿ ಬೇಡ.

ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಡಿಸೆಂಬರ್ ರಾತ್ರಿಗೆ ಹೀಟರ್ ಬೇಕು.

ಊಟದ ವಿಷಯಕ್ಕೆ ಬಂದರೆ ನಮ್ಮ ಜನರ ಪ್ರೀತಿಯೇ ಮೀನಿಗೆ ಶತ್ರು. ಎಂಬುನಾಗಳು ಬಂಡೆ ಮೇಲಿನ ಪಾಚಿ ಕೆರೆದು ತಿಂದು ಬದುಕಿದವು, ಕರುಳು ಉದ್ದ. ಅವಕ್ಕೆ ಪ್ಯಾಕೆಟ್ ಹುಳು, ಚಿಕನ್ ಹಾರ್ಟು ಹಾಕಿದರೆ ಹೊಟ್ಟೆ ಊದಿಕೊಂಡು ಸಾಯುತ್ತವೆ. ಮಲಾವಿ ಬ್ಲೋಟ್ ಅಂತಲೇ ಅದಕ್ಕೆ ಹೆಸರು. ಮೀನು ಊಟ ಬಾಯಿಗೆ ಹಾಕಿಕೊಂಡು ಉಗುಳಿದರೆ, ಬಿಳಿ ದಾರದ ಥರ ಹೇಲು ನೇತಾಡುತ್ತಿದ್ದರೆ ಅವತ್ತೇ ಎಚ್ಚೆತ್ತುಕೊಳ್ಳಿ, ಹೊಟ್ಟೆ ಊದಿದ ಮೇಲೆ ಉಳಿಯುವುದು ಕಷ್ಟ. ನಾನು ಸ್ಪಿರುಲಿನಾ ಪಾಚಿ ಇರುವ ಕಾಳು ಹಾಕುತ್ತೇನೆ, ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರಕ್ಕೊಂದು ದಿನ ಬಿಸಿ ನೀರಲ್ಲಿ ಬಾಡಿಸಿದ ಪಾಲಕ್. ಸೋಮವಾರ ಉಪವಾಸ, ನನಗೂ ಅವಕ್ಕೂ.

ನಾಲ್ಕಡಿಗೆ ಜಾಗ ಇಲ್ಲ, ಆದರೆ ಸಿಕ್ಲಿಡ್ ಬೇಕು, ನೀರೂ ಗಡಸು ಅನ್ನುವವರಿಗೆ ನನ್ನ ಹತ್ತಿರ ಒಂದು ಒಳ್ಳೇ ಉತ್ತರ ಇದೆ. ತಾಂಗನ್ಯೀಕಾ ಸರೋವರದ ಚಿಪ್ಪುವಾಸಿಗಳು. ಅದು ಮಲಾವಿಗಿಂತ ಆಳ, 1,470 ಮೀಟರ್, ಪ್ರಪಂಚದಲ್ಲೇ ಎರಡನೇ ಆಳದ ಸರೋವರ. ಅದರ ತಳದಲ್ಲಿ ಖಾಲಿ ಬಸವನಹುಳದ ಚಿಪ್ಪುಗಳು ರಾಶಿ ಬಿದ್ದಿರುತ್ತವೆ, ಅದರೊಳಗೆ ಮನೆ ಮಾಡಿಕೊಂಡಿರುವ ಮೀನುಗಳಿವೆ. ನಾನು ಸಾಕಿರುವುದಕ್ಕೆ ಮಲ್ಟಿ ಅಂತಾರೆ. ಪೂರ್ತಿ ಬೆಳೆದರೂ ಎರಡು ಇಂಚು ದಾಟಲ್ಲ, ಸಿಕ್ಲಿಡ್‌ಗಳಲ್ಲೇ ತೀರಾ ಚಿಕ್ಕದು. ಎರಡಡಿ ಟ್ಯಾಂಕಿನಲ್ಲಿ ಒಂದು ಕುಟುಂಬ ಆರಾಮಾಗಿ ಇರುತ್ತೆ. ಒಂದೊಂದಕ್ಕೂ ಒಂದೊಂದು ಚಿಪ್ಪು. ಬೆಳಗಿನಿಂದ ಸಂಜೆವರೆಗೆ ಮಾಡುವ ಕೆಲಸ ಮರಳು ಸಾಗಿಸುವುದು. ಬಾಯಿ ತುಂಬಾ ಮರಳು ತುಂಬಿಕೊಂಡು ನಾಲ್ಕು ಇಂಚು ದೂರ ಹೋಗಿ ಪಿಚಕ್ ಅಂತ ಉಗುಳಿ, ತಿರುಗಿ ಒಂದು ಸಲ ನೋಡಿ, ಮತ್ತೆ ಬರುತ್ತೆ. ಪಕ್ಕದ ಮನೆಯದ್ದು ಅದೇ ಮರಳನ್ನು ವಾಪಸ್ ತಂದು ಇದರ ಬಾಗಿಲಿಗೆ ಸುರಿಯುತ್ತೆ. ಕೈ ಹಾಕಿದರೆ ಎರಡು ಇಂಚಿನ ಮೀನು ಬಂದು ಬೆರಳು ಕಚ್ಚುತ್ತೆ.

ಚಿಪ್ಪಿಗೆ ಏನು ಮಾಡಲಿ ಅಂತ ಫೋನಿನಲ್ಲಿ ಸುಮ್ನೆ ಅಪ್ಪನ ಹತ್ತಿರ ಹೇಳಿದ್ದೆ. ಗೌರಿ ಹಬ್ಬಕ್ಕೆ ಬಂದಾಗ ಒಂದು ಗೊಬ್ಬರದ ಚೀಲದ ತುಂಬ ಗದ್ದೆಯ ಬಸವನಹುಳದ ಚಿಪ್ಪು ತಂದಿದ್ದರು. ಬಾಲ್ಕನಿಯಲ್ಲಿ ಒಂದೊಂದನ್ನೇ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಕುದಿಸಿ, ಬಿಸಿಲಿಗೆ ಒಣಹಾಕಿದೆವು. ವಾಸನೆಗೆ ಪಕ್ಕದ ಫ್ಲ್ಯಾಟಿನವರು ಬಾಗಿಲು ಹಾಕಿಕೊಂಡರು. ಐವತ್ತೆರಡು ಚಿಪ್ಪು. ಮೀನು ಹತ್ತೇ ಹತ್ತು. ಅಪ್ಪ ತಂದಿದ್ದಾರೆ ಅಂತ ಎಲ್ಲವನ್ನೂ ಹಾಕಿದೆ. ಈಗ ಮೂವತ್ತರ ಮೇಲಿವೆ, ಲೆಕ್ಕ ಸಿಗುತ್ತಿಲ್ಲ.

ನಮ್ಮ ದೇಶದಲ್ಲೇ ಹುಟ್ಟಿದ ಸಿಕ್ಲಿಡ್‌ಗಳೂ ಇವೆ, ಮೂರೇ ಮೂರು. ಕೇರಳದವರು ಬಾಳೆಲೆಯಲ್ಲಿ ಸುತ್ತಿ ಹುರಿಯುವ ಕರಿಮೀನ್ ಒಂದು. ಆರೆಂಜ್ ಕ್ರೋಮೈಡ್ ಅಂತ ಮೂರು ಇಂಚಿನ ಹಳದಿ ಮೀನು ಇನ್ನೊಂದು, ಗಡಸು ನೀರಲ್ಲಿ ಚೆನ್ನಾಗಿರುತ್ತೆ, ನಮ್ಮ ನೆಲದ ಮೀನೇ ಬೇಕು ಅನ್ನುವವರು ಇದನ್ನು ನೋಡಬಹುದು. ಮೂರನೇದು ನಮ್ಮ ಕರ್ನಾಟಕದ್ದೇ. 1877ರಲ್ಲಿ ಫ್ರಾನ್ಸಿಸ್ ಡೇ ಅನ್ನೋ ಮೀನು ವಿಜ್ಞಾನಿ ಹೆಸರಿಟ್ಟ ಕೆನರಾ ಪರ್ಲ್‌ಸ್ಪಾಟ್, ದಕ್ಷಿಣ ಕನ್ನಡದ ನದಿಗಳಲ್ಲಿ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲೂ ಇಲ್ಲ. ಅಳಿವಿನಂಚಿನ ಪಟ್ಟಿಯಲ್ಲಿದೆ. ಮಾರಾಟಕ್ಕೆ ಸಿಗುವುದು ನದಿಯಿಂದಲೇ ಹಿಡಿದದ್ದಾಗಿರಬಹುದು ಅನ್ನೋ ಅನುಮಾನಕ್ಕೆ ನಾನು ಇದುವರೆಗೂ ತಂದಿಲ್ಲ. ಮಜಾ ಅಂದರೆ ಈ ಮೂರರ ಹತ್ತಿರದ ನೆಂಟರು ಇರುವುದು ಮಡಗಾಸ್ಕರ್‌ನಲ್ಲಿ.

ಇದನ್ನು ಹೇಳುವಾಗ ಇನ್ನೊಂದು ಹೇಳಲೇಬೇಕು. ಸಾಕಲು ಆಗಲಿಲ್ಲ ಅಂತ ಮೀನನ್ನು ಕೆರೆಗೆ ಬಿಡಬೇಡಿ. ಪುಣ್ಯ ಅಂದುಕೊಂಡು ಬಿಡುವವರಿದ್ದಾರೆ. ಜಿಲೇಬಿ ಕೆರೆ ತುಂಬಿಕೊಂಡಿದ್ದು ಹೇಗೆ ಅಂತ ನೋಡಿದ್ದೀವಲ್ಲ. ಅಂಗಡಿಗೆ ಪುಕ್ಕಟೆ ಕೊಡಿ, ಸಾಕುವವರಿಗೆ ಕೊಡಿ. ಕನ್ವಿಕ್ಟ್ ಸಿಕ್ಲಿಡ್ ಒಂದು ಜೋಡಿ ಇದ್ದರೆ ಸಾಕು, ಒಂದೇ ವರ್ಷದಲ್ಲಿ ಮರಿಗಳನ್ನು ಕೊಡಲು ನೆಂಟರಿಷ್ಟರೆಲ್ಲ ಮುಗಿದುಹೋಗುತ್ತಾರೆ, ಅದಕ್ಕೇ ಹೊಸಬರಿಗೆ ನಾನು ಅದನ್ನು ಹೇಳುವುದೇ ಇಲ್ಲ.

ಯುಗಾದಿಯ ದಿನಕ್ಕೆ ವಾಪಸ್ ಬರುತ್ತೇನೆ. ಮಧ್ಯಾಹ್ನ ಒಬ್ಬಟ್ಟು ಊಟ ಆದಮೇಲೆ ಅಪ್ಪ ಮತ್ತೆ ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ನಾನು ಕಾಳು ಹಾಕಿದೆ. ಹತ್ತೊಂಬತ್ತು ಮೀನು ಮೇಲೆ ಬಂದವು, ಒಂದು ಯೆಲ್ಲೋ ಲ್ಯಾಬ್ ಮಾತ್ರ ಕಲ್ಲಿನ ಹಿಂದೆಯೇ ನಿಂತಿತ್ತು. ನಾನು ಗಮನಿಸಿರಲಿಲ್ಲ. ಅಪ್ಪ ಗಾಜಿಗೆ ಬೆರಳಿಟ್ಟು ತೋರಿಸಿದರು. "ಅದ್ರ ಗದ್ದ ನೋಡ್ಲಾ. ಬಾಯಲ್ಲಿ ಮರಿ ಮಡಿಕ್ಕಂಡದೆ."

ಬಗ್ಗಿ ನೋಡಿದೆ. ಗಂಟಲ ಕೆಳಗೆ ಚೀಲದ ಹಾಗೆ ಊದಿತ್ತು. ಬಾಯಿ ಪೂರ್ತಿ ಮುಚ್ಚುತ್ತಿರಲಿಲ್ಲ, ಸಣ್ಣಗೆ ಏನನ್ನೋ ಅಗಿಯುತ್ತಿರುವ ಹಾಗೆ ಅಲ್ಲಾಡುತ್ತಿತ್ತು, ಎಲೆ ಅಡಿಕೆ ಹಾಕಿಕೊಂಡ ಅಜ್ಜಿಯ ಥರ. ಒಳಗೆ ಮೊಟ್ಟೆಗಳನ್ನು ಹೊರಳಿಸುತ್ತಿರುತ್ತೆ, ಎಲ್ಲದಕ್ಕೂ ಗಾಳಿ ಆಡಲಿ ಅಂತ. ಮಲಾವಿ ಮೀನುಗಳಲ್ಲಿ ಮೊಟ್ಟೆ ಇಟ್ಟ ಕೂಡಲೇ ಹೆಣ್ಣು ಅದನ್ನು ಬಾಯಿಗೆ ತುಂಬಿಕೊಳ್ಳುತ್ತೆ. ಗಂಡಿನ ಕೆಳಗಿನ ರೆಕ್ಕೆಯ ಮೇಲೆ ಮೊಟ್ಟೆಯ ಹಾಗೇ ಕಾಣುವ ಹಳದಿ ಚುಕ್ಕೆಗಳು ಇರುತ್ತವೆ. ಇನ್ನೂ ಮೊಟ್ಟೆ ಉಳಿದಿದೆ ಅಂದುಕೊಂಡು ಹೆಣ್ಣು ಅದಕ್ಕೆ ಬಾಯಿ ಹಾಕಿದಾಗ ಗಂಡಿನ ವೀರ್ಯ ಬಾಯೊಳಗೆ ಹೋಗುತ್ತೆ, ಮೊಟ್ಟೆ ಫಲಿಸುತ್ತೆ. ಆಮೇಲೆ ಮೂರು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಊಟ ಇಲ್ಲ.

ನಿಮಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಜಿಲೇಬಿಯೂ ಹಾಗೇ ಮಾಡುತ್ತಂತೆ. ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಕೆರೆ ನೀರು ಇಳಿದರೆ ದಡದ ಕೆಸರಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಂಡಿಗಳು ಸಾಲಾಗಿ ಕಾಣುತ್ತಿದ್ದವಂತೆ, ಅವು ಗಂಡು ಜಿಲೇಬಿ ತೋಡಿದ್ದು. ಬಲೆಗೆ ಬಿದ್ದ ಹೆಣ್ಣು ಗಾಬರಿಗೆ ಬಾಯಿಂದ ಮರಿ ಉಗುಳಿಬಿಡುತ್ತಿತ್ತಂತೆ. "ಅಂಥದ್ದು ಸಿಕ್ಕುದ್ರೆ ನಿಮ್ಮಜ್ಜಿ ವಾಪಸ್ ಬುಟ್ಬುಟ್ ಬಾ ಅನ್ನೋಳು" ಅಂದರು. ಈ ಮಾತನ್ನು ನಾನು ಇಷ್ಟು ವರ್ಷದಲ್ಲಿ ಅಪ್ಪನ ಬಾಯಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಮೂರು ದಿನ ಇದ್ದು ಊರಿಗೆ ಹೋದರು. ಅವತ್ತಿನಿಂದ ದಿನಾ ರಾತ್ರಿ ಎಂಟಕ್ಕೆ ಫೋನು. ನಾನು ಚೆನ್ನಾಗಿದ್ದೀನಾ, ಮೊಮ್ಮಗಳು ಸ್ಕೂಲಿಗೆ ಹೋದಳಾ, ಏನೂ ಇಲ್ಲ. ಫೋನ್ ಎತ್ತಿದ ಕೂಡಲೇ, "ಉಗುಳ್ತಾ?" ಇಲ್ಲಪ್ಪ. "ಸರಿ ಮಡುಗ್ತೀನಿ."

ಹದಿನೆಂಟನೇ ದಿನ ಆ ಹೆಣ್ಣನ್ನು ಮೆಲ್ಲಗೆ ಬಲೆಯಲ್ಲಿ ಹಿಡಿದು ಬೇರೆ ಟ್ಯಾಂಕಿಗೆ ಹಾಕಿದೆ. ಹೊಟ್ಟೆ ಒಳಗೆ ಹೋಗಿ ತಲೆ ಮಾತ್ರ ದಪ್ಪ ಕಾಣುತ್ತಿತ್ತು. ಇಪ್ಪತ್ತೆರಡನೇ ದಿನ ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಾ ಹೋದವಳು ಕಿರುಚಿದಳು. ಒಂದು ಸೆಂಟಿಮೀಟರ್ ಉದ್ದದ ಮರಿಗಳು, ಮಸುಕು ಹಳದಿ, ಕಲ್ಲಿನ ಬುಡಕ್ಕೆ ಅಂಟಿಕೊಂಡಿದ್ದವು. ಮೂರು ಸಲ ಎಣಿಸಿದೆವು. ಹದಿನೇಳು. ಬೆಳಿಗ್ಗೆ ಆರೂಮುಕ್ಕಾಲು. ರಾತ್ರಿವರೆಗೆ ಕಾಯಲಿಲ್ಲ, ನಾನೇ ಅಪ್ಪನಿಗೆ ಫೋನ್ ಮಾಡಿದೆ. ಎತ್ತಿದರು. ನಾನು ಬಾಯಿ ತೆಗೆಯುವ ಮೊದಲೇ, "ಎಷ್ಟು?" ಅಂದರು.